38ರಲ್ಲಿ ಟೆಸ್ಟಿಂಗ್ ಬಿಟ್ಟು ನರ್ಸಿಂಗ್: ಅಮೆರಿಕದಲ್ಲಿ ಆಕ್ಸಲರೇಟೆಡ್ ಬಿಎಸ್‌ಎನ್‌ಗೆ ಅರ್ಜಿ ಹಾಕಿದವರು ದಯವಿಟ್ಟು ತಿಳಿಸಿ

ತುಂಗಭದ್ರೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. 2009ರಲ್ಲಿ ವಿಟಿಯುನಿಂದ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷವೂ ನ್ಯೂಜೆರ್ಸಿಗೆ ಬಂದ ಮೇಲೆ ಏಳು ವರ್ಷವೂ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೇನೆ. ಕಳೆದ ವರ್ಷ ನಮ್ಮ ತಂಡವನ್ನು ಪೂರ್ತಿಯಾಗಿ ತೆಗೆದುಹಾಕಿದರು. ಕೆಲಸ ಹುಡುಕುತ್ತ ಹುಡುಕುತ್ತ, ಮತ್ತೆ ಅದೇ ಕುರ್ಚಿಗೆ ಹೋಗಿ ಕೂರುವ ಮನಸ್ಸು ನಿಜವಾಗಿಯೂ ನನಗಿದೆಯೇ ಎಂಬ ಪ್ರಶ್ನೆ ಹುಟ್ಟಿಕೊಂಡಿತು.

ಅದಕ್ಕೊಂದು ಕಾರಣವಿದೆ. ಆರು ತಿಂಗಳಿಗೆಂದು ಬಂದಿದ್ದ ಮಾವನವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಶಸ್ತ್ರಚಿಕಿತ್ಸೆಯ ರಾತ್ರಿ ಪಾಳಿಗೆ ಬಂದ ನರ್ಸ್ ಟ್ಯಾಬ್ಲೆಟ್‌ನಲ್ಲಿದ್ದ ದುಭಾಷಿಯಿಂದ ನಾಲ್ಕು ಪದಗಳನ್ನು ಕೇಳಿ ತಿಳಿದುಕೊಂಡು, ಹಾಸಿಗೆಯ ಎದುರಿನ ಬಿಳಿ ಹಲಗೆಯ ಮೇಲೆ ತಮಗೆ ಓದಲು ಬರುವ ಅಕ್ಷರಗಳಲ್ಲಿ ಬರೆದುಕೊಂಡರು: ನೋವು, ನೀರು, ಸಾಕು, ತಿರುಗಿ. ಬೆಳಗಿನ ಜಾವ ಅವರು ದಿಂಬು ಸರಿಪಡಿಸುತ್ತ ‘ಸಾಕು?’ ಎಂದು ಕೇಳಿದಾಗ ಮಾವನವರು ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. ಆ ಹಲಗೆ ನನ್ನ ತಲೆಯಿಂದ ಹೋಗುತ್ತಿಲ್ಲ.

ಬೇರೆ ವಿಷಯದಲ್ಲಿ ಪದವಿ ಇರುವವರಿಗೆ 15 ತಿಂಗಳಲ್ಲಿ ನರ್ಸಿಂಗ್ ಪದವಿ (ಬಿಎಸ್‌ಎನ್) ಕೊಡುವ ‘ಆಕ್ಸಲರೇಟೆಡ್’ ಕೋರ್ಸ್ ಇದೆಯೆಂದು ಓದಿದೆ. ಇದು ನಿಜವಾಗಿ ಎಷ್ಟು ಕಾಲದ ಕೆಲಸ? ಹದಿನಾರು ವರ್ಷ ಹಳೆಯ ವಿಟಿಯು ಪದವಿಯನ್ನು ಇವರು ಪದವಿ ಎಂದು ಒಪ್ಪುತ್ತಾರೆಯೇ? ಪತಿಯ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ, ನಾನು ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದೇನೆ, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇದೆ. ಇದರ ಮೇಲೆ ಓದಬಹುದೇ? ಅನುಭವವಿರುವವರು ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ.

ರಾತ್ರಿಪಾಳಿ

ತುಂಗಭದ್ರೆಯ ದಡದವರೇ, ಮೊದಲು ಆ 15 ತಿಂಗಳ ಲೆಕ್ಕವನ್ನು ಬದಿಗಿಡಿ. ನಾನು ಔಷಧ ಕಂಪನಿಯ ಪ್ರಯೋಗಾಲಯ ಬಿಟ್ಟು ಇದೇ ದಾರಿಯಲ್ಲಿ ಬಂದವಳು. ಮೊದಲ ಪೂರ್ವಸಿದ್ಧತಾ ತರಗತಿಗೆ ಕಾಲಿಟ್ಟ ದಿನದಿಂದ ಪರವಾನಗಿ ಕೈಗೆ ಬಂದ ದಿನದವರೆಗೆ ಎಣಿಸಿದರೆ ನನಗೆ ಹಿಡಿದದ್ದು ಎರಡು ವರ್ಷ ಹನ್ನೊಂದು ತಿಂಗಳು.

ಈ ಬಗೆಯ ಕೋರ್ಸನ್ನು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಆರಂಭಿಸಿತ್ತು. ಇಂದು ಅವು ಸಾಮಾನ್ಯವಾಗಿ 11ರಿಂದ 18 ತಿಂಗಳವು. ಡ್ರೆಕ್ಸೆಲ್ ವಿಶ್ವವಿದ್ಯಾಲಯದ್ದು 11 ತಿಂಗಳು. ಆದರೆ ಆ ತಿಂಗಳುಗಳು ಶುರುವಾಗುವ ಮೊದಲೇ ಪ್ರಯೋಗಾಲಯ ಸಹಿತವಾಗಿ ಅನಾಟಮಿ ಮತ್ತು ಫಿಸಿಯಾಲಜಿ ಒಂದು ಹಾಗೂ ಎರಡು, ಮೈಕ್ರೋಬಯಾಲಜಿ, ರಸಾಯನಶಾಸ್ತ್ರ, ಇವುಗಳ ಜೊತೆಗೆ ಸ್ಟ್ಯಾಟಿಸ್ಟಿಕ್ಸ್, ಶೈಶವದಿಂದ ಮುಪ್ಪಿನವರೆಗಿನ ಮನೋವಿಜ್ಞಾನ, ಬಹಳ ಕಡೆ ನ್ಯೂಟ್ರಿಷನ್ ಮತ್ತು ಸಮಾಜಶಾಸ್ತ್ರ, ಇಷ್ಟನ್ನು ಮುಗಿಸಿಕೊಂಡಿರಬೇಕು. ಅನಾಟಮಿ ಒಂದನ್ನು ಮುಗಿಸದೆ ಎರಡಕ್ಕೆ ಬಿಡುವುದಿಲ್ಲವಾದ್ದರಿಂದ, ಎಷ್ಟೇ ಆತುರಪಟ್ಟರೂ ಎರಡು ಸೆಮಿಸ್ಟರ್ ಹೋಗಿಯೇ ಹೋಗುತ್ತದೆ. ಮನೆ, ಮಕ್ಕಳು ಇರುವವರಿಗೆ ಮೂರು ಎಂದಿಟ್ಟುಕೊಳ್ಳಿ. ಕೊನೆಯ ಒಂದೋ ಎರಡೋ ವಿಷಯಗಳು ಬಾಕಿ ಇರುವಾಗಲೇ ಅರ್ಜಿ ಹಾಕಲು ಅನೇಕ ಕಡೆ ಅವಕಾಶವಿರುತ್ತದೆ, ಅದನ್ನು ಬಳಸಿಕೊಳ್ಳದಿದ್ದರೆ ಇನ್ನೊಂದು ವರ್ಷ ಸುಮ್ಮನೆ ಕಳೆಯುತ್ತದೆ.

‘ಮೊದಲ ವರ್ಷದ ಕೆಮಿಸ್ಟ್ರಿ ಸೈಕಲ್‌ನಲ್ಲಿ ರಸಾಯನಶಾಸ್ತ್ರ ಓದಿದ್ದೇನಲ್ಲ’ ಎಂದು ನೀವು ಕೇಳಬಹುದು, ನನ್ನ ಗೆಳತಿಯೂ ಕೇಳಿದ್ದಳು. ವಿಜ್ಞಾನದ ವಿಷಯಗಳಿಗೆ ಬಹಳಷ್ಟು ಶಾಲೆಗಳು ಐದೋ ಏಳೋ ವರ್ಷಗಳ ಗಡುವು ಇಟ್ಟಿರುತ್ತವೆ, 2005ರ ರಸಾಯನಶಾಸ್ತ್ರ ಅದರೊಳಗೆ ಬರುವುದಿಲ್ಲ. ಎಂಜಿನಿಯರಿಂಗ್ ಗಣಿತದ ನಾಲ್ಕು ಪತ್ರಿಕೆಗಳು ಸ್ಟ್ಯಾಟಿಸ್ಟಿಕ್ಸ್‌ನ ಜಾಗ ತುಂಬುವುದೂ ಇಲ್ಲ. ಇನ್ನೊಂದು ಕಡೆಯಿಂದಲೂ ಈ ಗಡುವನ್ನು ನೋಡಬೇಕು: ಇಂದು ಅನಾಟಮಿ ಮುಗಿಸಿ, ಸಂಸಾರದ ಕಾರಣಕ್ಕೆ ಐದು ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರೆ ಅದೂ ಹಳಸಿರುತ್ತದೆ. ಹಾಗಾಗಿ ಆಸೆಪಟ್ಟ ನಾಲ್ಕೈದು ಶಾಲೆಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಎಲ್ಲದರಲ್ಲೂ ಇರುವ ವಿಷಯಗಳಿಂದಲೇ ಆರಂಭಿಸಿ.

ಪದವಿಯನ್ನು ಒಪ್ಪುತ್ತಾರೆ, ಚಿಂತೆ ಬೇಡ. ಆದರೆ ಬಹಳಷ್ಟು ಅರ್ಜಿಗಳು ನರ್ಸಿಂಗ್‌ಕ್ಯಾಸ್ ಎಂಬ ಒಂದೇ ಕಿಂಡಿಯ ಮೂಲಕ ಹೋಗುತ್ತವೆ, ವಿದೇಶಿ ಅಂಕಪಟ್ಟಿಗೆ ಡಬ್ಲ್ಯೂಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಕೇಳುತ್ತಾರೆ. ನಿಮ್ಮದು 62 ಶೇಕಡಾ ಎಂದಿಟ್ಟುಕೊಂಡರೆ, ಅದನ್ನು ಇಲ್ಲಿನ 62 ಎಂದು ಓದಿ ಡಿ ದರ್ಜೆ ಹಾಕುವುದಿಲ್ಲ, ನಮ್ಮ ಪ್ರಥಮ ದರ್ಜೆಯ ಬೆಲೆ ಅವರಿಗೆ ಗೊತ್ತು. ಬ್ಯಾಕ್‌ಲಾಗ್‌ಗಳಿದ್ದರೂ ಮುಚ್ಚಿಡುವ ಅಗತ್ಯವಿಲ್ಲ. ತಡವಾಗುವುದು ಬೆಳಗಾವಿಯಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದರಲ್ಲಿ. ಆ ಕೆಲಸವನ್ನು ಈ ವಾರವೇ ಶುರು ಮಾಡಿ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಮದುವೆಯ ಪ್ರಮಾಣಪತ್ರವೂ ಜೊತೆಯಲ್ಲಿರಲಿ.

ಮಲೆನಾಡಿನವ

ವೀಸಾದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಪೆಟ್ಟು ತಿಂದವನು ನಾನು.

ಎಚ್-4ನಲ್ಲಿರುವವರು ಪೂರ್ಣಾವಧಿ ಓದಬಹುದು, ಅದಕ್ಕಾಗಿ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕಿಲ್ಲ. ಪಠ್ಯದ ಭಾಗವಾದ ಆಸ್ಪತ್ರೆಯ ಕ್ಲಿನಿಕಲ್ ತರಬೇತಿಗೆ ಸಂಬಳವಿಲ್ಲದ್ದರಿಂದ ಅದಕ್ಕೆ ಇಎಡಿಯೂ ಬೇಕಾಗುವುದಿಲ್ಲ. ಇಎಡಿ ಬೇಕಾಗುವುದು ಪರವಾನಗಿ ಸಿಕ್ಕಿ ಕೆಲಸಕ್ಕೆ ಸೇರುವಾಗ. 2015ರಿಂದ ನಿಮ್ಮಂಥವರಿಗೆ ಇಎಡಿ ಸಿಗುತ್ತಿದೆಯಾದರೂ, 2025ರ ಅಕ್ಟೋಬರ್ 30ರಿಂದ ಈಚೆಗೆ ಸಲ್ಲಿಸಿದ ನವೀಕರಣದ ಅರ್ಜಿಗಳಿಗೆ ಮೊದಲಿನಂತೆ ತಾನಾಗಿಯೇ ವಿಸ್ತರಣೆ ಸಿಗುವುದಿಲ್ಲ. ಕಾರ್ಡಿನ ಕೊನೆಯ ದಿನಾಂಕ ಬಂದು ಹೊಸದು ಬಾರದಿದ್ದರೆ ಕೆಲಸ ನಿಲ್ಲಿಸಬೇಕು. ಹೊಸ ನರ್ಸ್‌ಗಳ ತರಬೇತಿ ತಂಡಗಳು ಗೊತ್ತಾದ ದಿನಗಳಂದೇ ಶುರುವಾಗುವುದರಿಂದ, ಪದವಿ ಮುಗಿಯುವ ತಿಂಗಳನ್ನೂ ಕಾರ್ಡು ಮುಗಿಯುವ ತಿಂಗಳನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿ.

ನನ್ನ ಕಥೆ ಬೇರೆ. ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದೆ. ಕೆಲಸ ಮಾಡುತ್ತಲೇ ಸಂಜೆ ಒಂದೆರಡು ವಿಷಯ ಓದುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಆಕ್ಸಲರೇಟೆಡ್ ಕೋರ್ಸು ವಾರವಿಡೀ ಹಗಲೂ ರಾತ್ರಿ ಇರುವಂಥದ್ದು, ಕೆಲಸ ಬಿಟ್ಟರೆ ಸ್ಟೇಟಸ್ ಹೋಗುತ್ತದೆ. ಎಫ್-1ಗೆ ಬದಲಾಯಿಸಿಕೊಂಡರೆ ಪದವಿಯ ನಂತರ ಸಿಗುವ ಒಪಿಟಿ ಎಂಬ ಕೆಲಸದ ಅನುಮತಿ 12 ತಿಂಗಳು ಮಾತ್ರ, ಸಾಫ್ಟ್‌ವೇರಿನವರಿಗೆ ಸಿಗುವ 24 ತಿಂಗಳ ವಿಸ್ತರಣೆ ನರ್ಸಿಂಗ್‌ಗೆ ಇಲ್ಲ. ವಾರ್ಡಿನ ಸಾಮಾನ್ಯ ನರ್ಸ್ ಹುದ್ದೆಗೆ ಎರಡು ವರ್ಷದ ಅಸೋಸಿಯೇಟ್ ಪದವಿಯೂ ಸಾಲುವುದರಿಂದ ಆ ಹುದ್ದೆಗೆ ಎಚ್-1ಬಿ ದೊರೆಯುವುದು ಕಷ್ಟ. ನರ್ಸ್‌ಗಳಿಗೆ ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ಕಾರ್ಮಿಕ ಇಲಾಖೆಯ ಪರ್ಮ್ ಹಂತ ಬೇಕಿಲ್ಲವೆಂಬುದನ್ನು ಕೇಳಿ ಖುಷಿಪಟ್ಟಿದ್ದೆ. ಆದರೆ ಭಾರತದಲ್ಲಿ ಹುಟ್ಟಿದವರ ಸರದಿ ಅದರಿಂದ ಮುಂದಕ್ಕೆ ಹೋಗುವುದಿಲ್ಲ. ಕೊನೆಗೆ ಗ್ರೀನ್ ಕಾರ್ಡ್ ಬರುವವರೆಗೆ ಕಾದು, 43ನೇ ವಯಸ್ಸಿನಲ್ಲಿ ತರಗತಿಗೆ ಸೇರಿದೆ. ಎಚ್-1ಬಿಯಲ್ಲಿರುವ ತಮ್ಮಂದಿರು, ತಂಗಿಯರು ಇದನ್ನು ಓದುತ್ತಿದ್ದರೆ ರಾಜೀನಾಮೆ ಬರೆಯುವ ಮೊದಲು ವಲಸೆ ವಕೀಲರನ್ನು ಕಂಡು ಬನ್ನಿ.

ಇಎಡಿ ಇಲ್ಲದ ಎಚ್-4ನವರಿಗೆ ಇನ್ನೊಂದು ಮಾತು. ಅವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲ, ಕೆಲವು ರಾಜ್ಯಗಳ ನರ್ಸಿಂಗ್ ಮಂಡಳಿಗಳು ಆ ಸಂಖ್ಯೆ ಇಲ್ಲದೆ ಪರವಾನಗಿ ಕೊಡುವುದಿಲ್ಲ. ಕ್ಯಾಲಿಫೋರ್ನಿಯ ತೆರಿಗೆಗಾಗಿ ಕೊಡುವ ಐಟಿಐಎನ್ ಸಂಖ್ಯೆಯನ್ನು ಒಪ್ಪುತ್ತದೆ. ನಿಮ್ಮ ರಾಜ್ಯದ ಮಂಡಳಿಯನ್ನು ಶುಲ್ಕ ಕಟ್ಟುವ ಮುಂಚೆ ಕೇಳಬೇಕು, ಕಟ್ಟಿದ ಮೇಲಲ್ಲ.

ಎರಡು ವರ್ಷದ ದಾರಿ

ಎಲ್ಲರೂ ಆಕ್ಸಲರೇಟೆಡ್ ಎಂಬ ಶಬ್ದಕ್ಕೇ ಮರುಳಾಗುತ್ತಿದ್ದೇವೆ ಎಂದು ನನಗನ್ನಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದರ ಬೋಧನಾ ಶುಲ್ಕವೊಂದೇ 60 ಸಾವಿರ ಡಾಲರ್ ದಾಟುವುದು ಸಾಮಾನ್ಯ. ಆ ತಿಂಗಳುಗಳಲ್ಲಿ ಸಂಪಾದನೆ ಸೊನ್ನೆ. ಅದೇ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮಾಡಿದರೆ ಖರ್ಚು ಅದರ ಒಂದು ಸಣ್ಣ ಭಾಗ, ಬರೆಯುವುದು ಅದೇ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ, ಸಿಗುವುದು ಅದೇ ಆರ್‌ಎನ್ (ನೋಂದಾಯಿತ ನರ್ಸ್) ಪರವಾನಗಿ. ಆಮೇಲೆ ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಬಿಎಸ್‌ಎನ್ ಪೂರೈಸಬಹುದು, ಎಷ್ಟೋ ಆಸ್ಪತ್ರೆಗಳು ಅದಕ್ಕೆ ಹಣವನ್ನೂ ಕೊಡುತ್ತವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ದೊಡ್ಡ ವಿಶ್ವವಿದ್ಯಾಲಯದ ಹೆಸರಿಗಾಗಿ ಸಾಲ ಮಾಡುವುದು ನನಗೆ ಅರ್ಥವಾಗದ ವಿಚಾರ.

ಸಾಲವೂ ಎಲ್ಲರಿಗೂ ಸಿಗುವುದಿಲ್ಲ. ಸರ್ಕಾರದ ವಿದ್ಯಾರ್ಥಿ ಸಾಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ, ಎಚ್-4ನವರಿಗಿಲ್ಲ. ಅರ್ಹತೆ ಇದ್ದವರಿಗೂ ಎರಡನೆಯ ಪದವಿಯಾದ್ದರಿಂದ ಸರ್ಕಾರದ ಪೆಲ್ ಅನುದಾನ ಇಲ್ಲ, ಸ್ವತಂತ್ರ ವಿದ್ಯಾರ್ಥಿಗಳಿಗೆ ಪದವಿ ಹಂತದ ನೇರ ಸಾಲ ಎಲ್ಲ ಸೇರಿ 57,500 ಡಾಲರಿಗೆ ನಿಲ್ಲುತ್ತದೆ. ನೇರವಾಗಿ ನರ್ಸಿಂಗ್ ಸ್ನಾತಕೋತ್ತರ ಪದವಿಗೆ (ಎಂಎಸ್‌ಎನ್) ಸೇರಿಸಿಕೊಳ್ಳುವ ಕೋರ್ಸುಗಳ ಮೇಲೆ ಕಣ್ಣಿಟ್ಟವರಿಗೆ ಹೊಸ ಕಾಯಿದೆಯ ಬಿಸಿ ತಟ್ಟಲಿದೆ: 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಸ್ನಾತಕೋತ್ತರ ಓದಿಗೆ ಸರ್ಕಾರ ಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲ ಇಲ್ಲ, ಸಾಮಾನ್ಯ ಸ್ನಾತಕೋತ್ತರ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್.

ರಾತ್ರಿಪಾಳಿ

ಹಣದ ವಿಚಾರದಲ್ಲಿ ನಿಮ್ಮ ಮಾತು ಸರಿ, ಆದರೆ ಕಾಲದ ವಿಚಾರದಲ್ಲಿ ಪೂರ್ತಿ ಒಪ್ಪಲಾರೆ. ಕಮ್ಯುನಿಟಿ ಕಾಲೇಜಿನ ಆ ‘ಎರಡು ವರ್ಷ’ಕ್ಕೂ ಪೂರ್ವಸಿದ್ಧತಾ ವಿಷಯಗಳಿವೆ, ಕೆಲವು ಕಡೆ ಸರದಿ ಪಟ್ಟಿಯೂ ಇದೆ. ನ್ಯೂಯಾರ್ಕ್ 2017ರಲ್ಲಿ ತಂದ ಕಾಯಿದೆಯ ಪ್ರಕಾರ ಹೊಸದಾಗಿ ಪರವಾನಗಿ ಪಡೆದ ಆರ್‌ಎನ್‌ಗಳು ಹತ್ತು ವರ್ಷಗಳೊಳಗೆ ಬಿಎಸ್‌ಎನ್ ಪೂರೈಸಬೇಕು. ನಗರದ ದೊಡ್ಡ ಬೋಧನಾ ಆಸ್ಪತ್ರೆಗಳು ಹೊಸಬರನ್ನು ತೆಗೆದುಕೊಳ್ಳುವಾಗ ಬಿಎಸ್‌ಎನ್ ಇರುವವರನ್ನೇ ಮುಂದೆ ಇಡುತ್ತವೆ. ನ್ಯೂಜೆರ್ಸಿಯಲ್ಲಿದ್ದು ಹಡ್ಸನ್ ನದಿಯ ಆಚೆ ಕೆಲಸ ಹುಡುಕುವ ಮನಸ್ಸಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಚಿಕ್ಕ ಊರಿನಲ್ಲಿರುವವರಿಗಾದರೆ ನಿಮ್ಮ ದಾರಿಯೇ ವಾಸಿ.

ಯಾವ ದಾರಿ ಹಿಡಿದರೂ ಶಾಲೆಗೆ ಸಿಸಿಎನ್‌ಇ ಅಥವಾ ಎಸಿಇಎನ್ ಎಂಬ ನರ್ಸಿಂಗ್ ಶಿಕ್ಷಣ ಸಂಸ್ಥೆಗಳ ಮಾನ್ಯತೆ ಇದೆಯೇ, ರಾಜ್ಯ ಮಂಡಳಿಯ ಒಪ್ಪಿಗೆ ಇದೆಯೇ ಎಂದು ನೀವೇ ಹುಡುಕಿ ನೋಡಿ. ಮಂಡಳಿಯ ಜಾಲತಾಣದಲ್ಲಿ ಶಾಲೆವಾರು ಎನ್‌ಕ್ಲೆಕ್ಸ್ ಉತ್ತೀರ್ಣತೆಯ ಪ್ರಮಾಣ ಸಿಗುತ್ತದೆ. ಅದರ ಜೊತೆಗೆ, ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು ಎಂದೂ ಶಾಲೆಯವರನ್ನು ಕೇಳಬೇಕು. ಅರ್ಧ ತರಗತಿಯನ್ನು ನಡುವೆಯೇ ಕೈಬಿಟ್ಟು ಉಳಿದವರಿಂದ ನೂರಕ್ಕೆ ನೂರು ತೋರಿಸುವುದು ಕಷ್ಟವಲ್ಲ. ಪೂರ್ವಸಿದ್ಧತೆ ಬೇಡ, ಪರೀಕ್ಷೆ ಬೇಡ, ನಾಳೆಯೇ ಸೇರಿ ಎನ್ನುವವರಿಂದ ದೂರವಿರಿ. 2023ರ ಜನವರಿಯಲ್ಲಿ ಫ್ಲಾರಿಡಾದ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾಗಳು ಮಾರಾಟವಾಗಿದ್ದ ಪ್ರಕರಣ ಹೊರಬಂದದ್ದು ನಿಮಗೆ ನೆನಪಿರಬಹುದು.

ಕರಾವಳಿಯವಳು

ನಾನು ಮಂಗಳೂರಿನಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮಾಡಿ, ಕೊಲ್ಲಿ ದೇಶದಲ್ಲಿ ದುಡಿದು, ಎನ್‌ಕ್ಲೆಕ್ಸ್ ಬರೆದು ಇಲ್ಲಿಗೆ ಬಂದವಳು, ಅಂದರೆ ಹಳೇ ದಾರಿಯವಳು. ತಂಗಿ, ನಿಮಗೊಂದು ಮಾತು ಹೇಳಿದರೆ ಬೇಸರಪಟ್ಟುಕೊಳ್ಳಬೇಡಿ. ನೀವು ನೋಡಿದ್ದು ನರ್ಸ್ ಬಿಳಿ ಹಲಗೆಯ ಮೇಲೆ ಬರೆದ ಗಳಿಗೆಯನ್ನು. ಅದೇ ನರ್ಸ್ ಆ ರಾತ್ರಿ ಇನ್ನೂ ನಾಲ್ಕು ರೋಗಿಗಳ ಮಲ ಮೂತ್ರ ತೆಗೆದಿರುತ್ತಾರೆ, ಒಬ್ಬರಿಂದ ಬೈಸಿಕೊಂಡಿರುತ್ತಾರೆ, ಊಟ ಬಿಟ್ಟಿರುತ್ತಾರೆ. ಅದನ್ನೂ ಹತ್ತಿರದಿಂದ ನೋಡಿ ಆಮೇಲೆ ನಿರ್ಧರಿಸಿ.

ಅದಕ್ಕೆ ಒಳ್ಳೆಯ ಉಪಾಯವೆಂದರೆ ಸಿಎನ್‌ಎ, ಅಂದರೆ ನರ್ಸ್‌ಗಳ ಸಹಾಯಕರ ತರಬೇತಿ. ಫೆಡರಲ್ ನಿಯಮದಂತೆ ಕನಿಷ್ಠ 75 ಗಂಟೆಗಳದ್ದು, ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಆರು ತಿಂಗಳು ವೃದ್ಧಾಶ್ರಮದಲ್ಲಿ ವಾರಕ್ಕೆರಡು ಪಾಳಿ ಮಾಡಿದರೆ ಈ ಕೆಲಸ ನಿಮಗಾಗುತ್ತದೋ ಇಲ್ಲವೋ ಎಂದು ನಿಮ್ಮ ಬೆನ್ನೂ ಮೂಗೂ ಹೇಳಿಬಿಡುತ್ತವೆ. ಆಗುತ್ತದೆ ಎಂದಾದರೆ ಅರ್ಜಿಯಲ್ಲಿ ಬರೆಯುವುದಕ್ಕೂ ಒಂದು ಗಟ್ಟಿ ವಿಷಯ ಸಿಕ್ಕಂತಾಯಿತು. ನಾನು ಹೊಸಬರಿಗೆ ಕೆಲಸ ಕಲಿಸುವವಳು. ಮೊದಲು ಸಿಎನ್‌ಎ ಆಗಿದ್ದವರು ರೋಗಿಯನ್ನು ಹೊರಳಿಸುವ ರೀತಿಯಿಂದಲೇ ಗೊತ್ತಾಗಿಬಿಡುತ್ತಾರೆ.

ಊರಿನಲ್ಲಿ ‘ಎಂಜಿನಿಯರಿಂಗ್ ಓದಿ ನರ್ಸಮ್ಮ ಆಗುತ್ತೀಯಾ’ ಎಂದು ಕೇಳುವವರು ಇದ್ದೇ ಇರುತ್ತಾರೆ. ನನ್ನ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಜಿಎನ್‌ಎಂ ಎಂದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಎದ್ದದ್ದೂ ಉಂಟು. ಅದೇ ಮನೆಯವರು ಈಗ ನನಗೆ ಫೋನ್ ಮಾಡಿ ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುತ್ತಾರೆ, ನಾನೂ ಹೇಳುತ್ತೇನೆ.

ತುಂಗಭದ್ರೆಯ ದಡ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕ, ನಿಮ್ಮ ಮಾತಿಗೆ ಬೇಸರವೇನೂ ಆಗಲಿಲ್ಲ. ಮಾವನವರನ್ನು ಮನೆಗೆ ಕರೆತಂದ ಮೇಲೆ ಒಂದೂವರೆ ತಿಂಗಳು ಬೆಡ್‌ಪ್ಯಾನ್ ಹಿಡಿದವಳು ನಾನೇ. ಅವರಿಗೆ ಸಂಕೋಚವಾಗದಂತೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಕ್ರಿಕೆಟ್ ಸ್ಕೋರ್ ಹೇಳುತ್ತಿದ್ದೆ. ಆದರೆ ಒಬ್ಬರಿಗೆ ಮಾಡುವುದೂ ದಿನಕ್ಕೆ ಐದು ಮಂದಿ ಅಪರಿಚಿತರಿಗೆ ಮಾಡುವುದೂ ಒಂದೇ ಅಲ್ಲ ಎಂಬುದನ್ನು ಒಪ್ಪುತ್ತೇನೆ.

ಈಗ ನನ್ನನ್ನು ಕಾಡುತ್ತಿರುವುದು ಉದ್ದೇಶ ಪತ್ರ. ‘ಬಾಲ್ಯದಿಂದಲೂ ಪರರ ಸೇವೆ ಮಾಡುವ ಹಂಬಲ ನನ್ನಲ್ಲಿತ್ತು’ ಎಂಬ ಅರ್ಥದಲ್ಲಿ ಶುರು ಮಾಡಿದ್ದೇನೆ. ಟೆಸ್ಟಿಂಗ್ ಕೆಲಸದ ವಿಚಾರವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡೋಣವೆಂದುಕೊಂಡಿದ್ದೇನೆ. ಸರಿಯೇ?

ರಾತ್ರಿಪಾಳಿ

ಸರಿಯಿಲ್ಲ. ಬಾಲ್ಯದಿಂದ ಹಂಬಲವಿದ್ದವರು ಹನ್ನೆರಡು ವರ್ಷ ಸಾಫ್ಟ್‌ವೇರ್ ಪರೀಕ್ಷಿಸುತ್ತ ಏಕೆ ಕುಳಿತರು ಎಂದು ಓದುವವರು ಕೇಳಿಕೊಳ್ಳುತ್ತಾರೆ, ಅಲ್ಲಿಗೆ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ಅವರ ಮೇಜಿನ ಮೇಲೆ ಅದೇ ವಾಕ್ಯದಿಂದ ಆರಂಭವಾಗುವ ಪತ್ರಗಳ ಒಂದು ಕಟ್ಟೇ ಇರುತ್ತದೆ.

ಟೆಸ್ಟಿಂಗ್ ಅನ್ನು ಎರಡು ಸಾಲಿಗೆ ಇಳಿಸಬೇಡಿ, ಅದೇ ನಿಮ್ಮ ಬಂಡವಾಳ. ನೀವು ಬಗ್ ವರದಿ ಬರೆಯುವಾಗ ಏನಾಯಿತು, ಯಾವ ಸ್ಥಿತಿಯಲ್ಲಾಯಿತು, ನಿಮ್ಮ ಊಹೆಯೇನು, ಮುಂದೇನು ಮಾಡಬೇಕು ಎಂದು ಕ್ರಮವಾಗಿ ಬರೆಯುತ್ತಿದ್ದಿರಲ್ಲವೇ? ನಾವು ರಾತ್ರಿ ಮೂರು ಗಂಟೆಗೆ ವೈದ್ಯರನ್ನು ಎಬ್ಬಿಸಿ ರೋಗಿಯ ಸ್ಥಿತಿ ತಿಳಿಸುವಾಗಲೂ ಎಸ್‌ಬಿಎಆರ್ ಎಂಬ ಕ್ರಮದಲ್ಲಿ ಅದನ್ನೇ ಹೇಳುತ್ತೇವೆ: ಈಗಿನ ಪರಿಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ನಮ್ಮ ಕೋರಿಕೆ. ಎಲ್ಲವೂ ಸರಿಯಿದೆ ಎಂದು ಎಲ್ಲರೂ ಹೇಳಿದಾಗಲೂ ಇನ್ನೊಮ್ಮೆ ನೋಡುವ ಅಭ್ಯಾಸ ಟೆಸ್ಟರ್‌ಗೂ ನರ್ಸ್‌ಗೂ ಒಂದೇ. ಬಿಳಿ ಹಲಗೆಯ ನಾಲ್ಕು ಪದಗಳಿಂದ ಶುರು ಮಾಡಿ, ಬೆಡ್‌ಪ್ಯಾನ್ ಮತ್ತು ಕ್ರಿಕೆಟ್ ಸ್ಕೋರನ್ನೂ ಬಿಡಬೇಡಿ. ಲೇಆಫ್ ವಿಚಾರವನ್ನು ಒಂದು ವಾಕ್ಯದಲ್ಲಿ ನೇರವಾಗಿ ಹೇಳಿದರೆ ಸಾಕು.

ಶಿಫಾರಸು ಪತ್ರಗಳಲ್ಲಿ ಒಂದಾದರೂ ಈಗ ಪಾಠ ಮಾಡುತ್ತಿರುವ ಅಧ್ಯಾಪಕರದ್ದಾಗಿರಲಿ. ಅನಾಟಮಿ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರಿ, ಪ್ರಶ್ನೆ ಕೇಳಿ. ಇನ್ನೂರು ಮಂದಿಯಲ್ಲಿ ನಿಮ್ಮ ಮುಖ ಅವರಿಗೆ ನೆನಪಿರಬೇಕು.

ಆಸ್ಟಿನ್‌ನಿಂದ

ಸಣ್ಣದೊಂದು ಸೇರ್ಪಡೆ. ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬ್ಯಾಚುಲರ್ ಪದವಿ ಪಡೆಯಲು ಅಮೆರಿಕದ ಇತಿಹಾಸ ಆರು ಕ್ರೆಡಿಟ್, ಸರ್ಕಾರ ಮತ್ತು ಸಂವಿಧಾನ ಆರು ಕ್ರೆಡಿಟ್ ಕಾನೂನಿನ ಪ್ರಕಾರ ಬೇಕು. ಇಲ್ಲಿನ ಪದವಿ ಇರುವವರು ಅದನ್ನು ಮೊದಲೇ ಮುಗಿಸಿರುತ್ತಾರೆ, ಭಾರತದ ಪದವಿಯವರು ಸಿಕ್ಕಿಹಾಕಿಕೊಳ್ಳುತ್ತಾರೆ. ನನ್ನ ಹೆಂಡತಿ ರಕ್ತನಾಳಗಳ ಹೆಸರುಗಳ ಜೊತೆಗೆ ಟೆಕ್ಸಾಸ್ ಸಂವಿಧಾನವನ್ನೂ ಬಾಯಿಪಾಠ ಮಾಡಿದಳು. ಭಾರತದ ಪದವಿಯವರಿಗೆ ಟೋಫೆಲ್ ಕೇಳುವ ಶಾಲೆಗಳೂ ಇವೆ. ಅದರ ಅಂಕಕ್ಕೆ ಎರಡೇ ವರ್ಷ ಆಯುಸ್ಸು, ಬಹಳ ಬೇಗ ಬರೆದಿಟ್ಟುಕೊಳ್ಳಬೇಡಿ.

ಮೂರನೇ ಸೆಮಿಸ್ಟರ್

ನಾನು ಸದ್ಯ ಕೋರ್ಸಿನ ಒಳಗೇ ಇದ್ದೇನೆ, 41 ವರ್ಷ, ಮೊದಲು ಬ್ಯಾಂಕಿನಲ್ಲಿದ್ದೆ. ಅರ್ಜಿಯ ಹಂತದಲ್ಲಿ ನನಗೆ ಆದದ್ದನ್ನು ಹೇಳುತ್ತೇನೆ. ಒಂದು ಶಾಲೆಯವರು ಮೊದಲು ಇಮೇಲ್‌ನಲ್ಲಿ ಒಪ್ಪಿದ್ದ ಆನ್‌ಲೈನ್ ಮೈಕ್ರೋಬಯಾಲಜಿಯನ್ನು, ಪ್ರಯೋಗಾಲಯ ಖುದ್ದಾಗಿ ನಡೆದಿಲ್ಲವೆಂಬ ಕಾರಣಕ್ಕೆ ಕೊನೆಯಲ್ಲಿ ತಿರಸ್ಕರಿಸಿದರು. ಒಪ್ಪಿದವರು ಕೆಲಸ ಬಿಟ್ಟು ಹೋಗಿದ್ದರು. ಅಂದಿನಿಂದ ಪ್ರತಿ ಉತ್ತರವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳುವ ಚಟ ಬಂದಿದೆ. ಆ ವರ್ಷ ಹೋಯಿತು, ಮರುವರ್ಷ ಬೇರೆ ಕಡೆ ಸಿಕ್ಕಿತು.

ಪ್ರವೇಶ ಪರೀಕ್ಷೆ ಕೇಳುವ ಶಾಲೆಗಳಲ್ಲಿ ಟೀಸ್ ಅಥವಾ ಹೆಸಿ ಇರುತ್ತದೆ. ಟೀಸ್‌ನಲ್ಲಿ 209 ನಿಮಿಷಗಳಲ್ಲಿ 170 ಪ್ರಶ್ನೆ. ಗಣಿತ ನಮಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷ್ ಬಳಕೆಯ ಭಾಗದಲ್ಲಿ ಅಂಕ ಸೋರುತ್ತದೆ, ಅದನ್ನು ಹಗುರವಾಗಿ ಕಾಣಬೇಡಿ. ವಿಜ್ಞಾನದ ಭಾಗದಲ್ಲಿ ಉಳಿದ ವಿಷಯಗಳಿಗಿಂತ ಹೆಚ್ಚು ಪ್ರಶ್ನೆಗಳು ಅನಾಟಮಿ, ಫಿಸಿಯಾಲಜಿಯವೇ ಆದ್ದರಿಂದ ಆ ತರಗತಿಗಳು ಮುಗಿದ ಕೂಡಲೇ ಪರೀಕ್ಷೆ ಬರೆಯುವುದು ಒಳ್ಳೆಯದು.

ಸೀಟು ಸಿಕ್ಕ ಮೇಲಿನ ಒಂದು ವಿಷಯವನ್ನು ಇಲ್ಲಿ ಯಾರೂ ಹೇಳಿಲ್ಲ. ನಮ್ಮೆಲ್ಲರ ತೋಳಿನ ಮೇಲೆ ಬಿಸಿಜಿ ಚುಚ್ಚುಮದ್ದಿನ ಗುರುತಿರುತ್ತದೆ. ಕ್ಲಿನಿಕಲ್‌ಗೆ ಮುನ್ನ ಕ್ಷಯ ಪರೀಕ್ಷೆ ಕಡ್ಡಾಯ. ಚರ್ಮದ ಮೇಲೆ ಮಾಡುವ ಪರೀಕ್ಷೆ ಬಿಸಿಜಿ ಹಾಕಿಸಿಕೊಂಡವರಲ್ಲಿ ಕಾಯಿಲೆಯಿಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ನನಗೆ ಮುಂಗೈ ಮೇಲೆ ಇಡ್ಲಿಯಂತೆ ಊದಿಕೊಂಡು, ಎಕ್ಸ್‌ರೇ, ಪತ್ರ, ಮತ್ತೊಂದು ಪತ್ರ ಎಂದು ಹದಿನೆಂಟು ದಿನ ಅಲೆದೆ. ಮೊದಲೇ ರಕ್ತ ಪರೀಕ್ಷೆ ಕೇಳಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಹೆಪಟೈಟಿಸ್ ಬಿ ಇವುಗಳ ಪ್ರತಿಕಾಯ ಪರೀಕ್ಷೆಗಳನ್ನೂ ಈಗಲೇ ಮಾಡಿಸಿ. ಹೆಪಟೈಟಿಸ್ ಲಸಿಕೆಯನ್ನು ಮೊದಲಿನಿಂದ ಹಾಕಿಸಿಕೊಳ್ಳಬೇಕಾದರೆ ಮೂರು ಡೋಸಿನ ಕ್ರಮಕ್ಕೆ ಆರು ತಿಂಗಳು ಬೇಕು.

ಒಳಗಿನ ಓದು ಹೇಗಿರುತ್ತದೆಂದರೆ, ಔಷಧದ ಲೆಕ್ಕದ ಪರೀಕ್ಷೆಯಲ್ಲಿ ನಮ್ಮಲ್ಲಿ ನೂರಕ್ಕೆ ತೊಂಬತ್ತು ಬಂದರಷ್ಟೇ ಕ್ಲಿನಿಕಲ್‌ಗೆ ಬಿಡುತ್ತಾರೆ. 250 ಮಿಲಿ ದ್ರವದಲ್ಲಿ 25,000 ಯೂನಿಟ್ ಹೆಪಾರಿನ್ ಇದೆ, ಗಂಟೆಗೆ 1,200 ಯೂನಿಟ್ ಹೋಗಬೇಕು, ಪಂಪನ್ನು ಎಷ್ಟಕ್ಕೆ ಇಡುತ್ತೀರಿ ಎಂಬುದು ಪ್ರಶ್ನೆ. ಹನ್ನೆರಡು ಮಿಲಿ ಎಂಬುದು ಬ್ಯಾಂಕಿನವನಿಗೆ ಬಾಯಿಲೆಕ್ಕ. ನಾನು 12.0 ಎಂದು ಬರೆದೆ, ಉತ್ತರ ತಪ್ಪೆಂದು ಕೆಂಪು ಗೆರೆ ಎಳೆದರು. ಚುಕ್ಕೆ ಕಾಣಿಸದಿದ್ದರೆ ಅದನ್ನು 120 ಎಂದು ಓದುತ್ತಾರೆ, ಹತ್ತು ಪಟ್ಟು ಹೆಪಾರಿನ್ ಹೋದರೆ ರೋಗಿ ರಕ್ತಸ್ರಾವದಿಂದ ಸಾಯಬಹುದು. ಹದಿನಾಲ್ಕು ವರ್ಷ ಎರಡು ದಶಮಾಂಶ ಸ್ಥಾನ ಬರೆದ ಕೈ ಅದನ್ನು ಬಿಡಲು ಒಂದು ತಿಂಗಳು ತೆಗೆದುಕೊಂಡಿತು.

ಬೆಳಿಗ್ಗೆ ಆರೂ ಮುಕ್ಕಾಲಿಗೆ ವಾರ್ಡಿನಲ್ಲಿರಬೇಕು, ಹನ್ನೆರಡು ಗಂಟೆಯ ಪಾಳಿ, ಮರುದಿನ ಪರೀಕ್ಷೆ. ಭಾನುವಾರ ಹುಳಿ, ಪಲ್ಯ ಮಾಡಿ ಡಬ್ಬಿಗಳಲ್ಲಿ ತುಂಬಿಡುತ್ತೇವೆ. ಮಗಳ ಶಾಲೆಯ ಕಾರ್ಯಕ್ರಮಗಳಿಗೆ ಈ ವರ್ಷ ಒಂದಕ್ಕೂ ಹೋಗಿಲ್ಲ. ಕೆಲಸ ಮಾಡುತ್ತಲೇ ಇದನ್ನು ಓದುತ್ತೇನೆ ಎನ್ನುವವರು ನಮ್ಮ ತಂಡದಲ್ಲಿ ಇಬ್ಬರಿದ್ದರು, ಇಬ್ಬರೂ ಈಗ ಕೋರ್ಸಿನಲ್ಲಿಲ್ಲ.

ಹುಬ್ಬಳ್ಳಿಯಿಂದ ಒಬ್ಬರು

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಬಿ.ಕಾಂ. ಪದವೀಧರೆ, 29 ವರ್ಷ. ಕರ್ನಾಟಕದಲ್ಲಿ ಇಂಥ ಬೇಗ ಮುಗಿಯುವ ಕೋರ್ಸ್ ಇದೆಯೇ?

ಕರಾವಳಿಯವಳು

ಇಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎಂದು ಕೇಳಿರಬಹುದು, ಅದು ಜಿಎನ್‌ಎಂ ಮುಗಿಸಿ ನೋಂದಣಿ ಆದವರಿಗೆ ಮಾತ್ರ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ವಾಣಿಜ್ಯ ಓದಿದವರಿಗೆ ತೆರೆದಿರುವುದು ಮೂರು ವರ್ಷದ ಜಿಎನ್‌ಎಂ. ಯಾವ ಕಾಲೇಜಿಗೆ ಸೇರುವುದಾದರೂ ಭಾರತೀಯ ಶುಶ್ರೂಷಾ ಪರಿಷತ್ತಿನ ಮತ್ತು ರಾಜ್ಯ ಪರಿಷತ್ತಿನ ಮಾನ್ಯತೆ ನೋಡಿಕೊಂಡು, ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೋ ಇಲ್ಲವೋ ಹೋಗಿ ಕಣ್ಣಾರೆ ನೋಡಿ ಬನ್ನಿ.

ತುಂಗಭದ್ರೆಯ ದಡ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವಿಟಿಯು ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿದ್ದಾಗಿದೆ, ಏನಾದರೂ ತೊಡಕಾದರೆ ತಮ್ಮ ಬೆಳಗಾವಿಗೆ ಹೋಗಿ ಬರುತ್ತೇನೆಂದಿದ್ದಾನೆ. ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆಯ ಅನಾಟಮಿ ಮತ್ತು ಸ್ಟ್ಯಾಟಿಸ್ಟಿಕ್ಸ್‌ಗೆ ಹೆಸರು ಕೊಟ್ಟಿದ್ದೇನೆ, ಶನಿವಾರ ಭಾನುವಾರದ ಸಿಎನ್‌ಎ ತರಬೇತಿ ಮುಂದಿನ ತಿಂಗಳು ಶುರು. ಆಕ್ಸಲರೇಟೆಡ್ ಬಿಎಸ್‌ಎನ್ ಮಾಡಬೇಕೋ ಅಸೋಸಿಯೇಟ್ ದಾರಿ ಹಿಡಿಯಬೇಕೋ ಎಂಬುದನ್ನು ಒಂದು ಸೆಮಿಸ್ಟರ್ ಕಳೆದ ಮೇಲೆ ನಿರ್ಧರಿಸುವುದೆಂದು ನಾನೂ ಯಜಮಾನರೂ ಕುಳಿತು ಮಾತಾಡಿಕೊಂಡೆವು. ಎರಡಕ್ಕೂ ಈ ವಿಷಯಗಳು ಬೇಕೇ ಬೇಕು ಎಂಬ ಧೈರ್ಯ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ರಾತ್ರಿ ಪಾಳಿ ಇರ್ತದೇನು?’ ಎಂದಷ್ಟೇ ಕೇಳಿದರು.

ಸಿಎನ್‌ಎ ತರಬೇತಿಯವರೂ ಕ್ಷಯ ಪರೀಕ್ಷೆಯ ವರದಿ ಕೇಳಿದ್ದಾರೆ. ‘ಮೂರನೇ ಸೆಮಿಸ್ಟರ್’ ಅವರೇ, ಆ ರಕ್ತ ಪರೀಕ್ಷೆಗೆ ಏನೆಂದು ಹೇಳಬೇಕು?

ಮೂರನೇ ಸೆಮಿಸ್ಟರ್

ಕ್ವಾಂಟಿಫೆರಾನ್ ಎಂದು ಕೇಳಿ, ತೋಳಿನ ಗುರುತನ್ನೂ ತೋರಿಸಿ. ವರದಿಯ ಪ್ರತಿಯನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಮುಂದೆ ಇನ್ನೂ ಮೂರು ಕಡೆ ಕೇಳುತ್ತಾರೆ.